ಪೈಪು ಕೀಳಿಸಿದ ಅಡ್ಮಿರಲ್

ಪರಮಾಣು ಶಕ್ತಿ ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ವಿಜ್ಞಾನಿಗಳು. ಫರ್ಮಿ, ಓಪನ್‌ಹೈಮರ್, ಭಾಭಾ, ನಮ್ಮ ತುಮಕೂರಿನ ರಾಜಾ ರಾಮಣ್ಣ. ಆದರೆ ರಿಯಾಕ್ಟರ್ ಕಟ್ಟಿ ಮುಗಿದ ಮೇಲೆ ಅಲ್ಲೂ ಪೈಪು ಸೋರುತ್ತದೆ, ವಾಲ್ವು ಸಿಕ್ಕಿಹಾಕಿಕೊಳ್ಳುತ್ತದೆ, ಪಂಪು ಬಿಚ್ಚಬೇಕಾಗುತ್ತದೆ. ಬಿಚ್ಚಿ ಜೋಡಿಸಿದ್ದು ಸರಿಯಾಗಿದೆ ಅಂತ ಹೇಳಬೇಕಾದವರು ಯಾರು? ರಿಪೇರಿ ಮಾಡಿದವರೇನಾ, ಬೇಗ ಶುರು ಮಾಡಿ ಅಂತ ಅವಸರ ಮಾಡುವ ಮ್ಯಾನೇಜರಾ, ಇಲ್ಲಾ ಇಬ್ಬರಿಗೂ ಸಂಬಂಧವಿಲ್ಲದ ಮೂರನೆಯವರಾ? ಈ ಒಂದು ಪ್ರಶ್ನೆ ಹಿಡಿದು ಬದುಕಿನುದ್ದಕ್ಕೂ ಜಗಳವಾಡಿದ ಎಂಜಿನಿಯರ್ ಒಬ್ಬನಿದ್ದ. ಹೆಸರು ಹೈಮನ್ ರಿಕೋವರ್. ಈ ಸಂಚಿಕೆಗೆ ನಾವು ಆರಿಸಿಕೊಂಡಿರುವುದು ಆತನನ್ನು.

ರಿಕೋವರ್ ಹುಟ್ಟಿದ್ದು 1900ರಲ್ಲಿ, ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಪೋಲೆಂಡಿನ ಒಂದು ಯಹೂದಿ ಕುಟುಂಬದಲ್ಲಿ. ಅಪ್ಪ ದರ್ಜಿ. ಯಹೂದಿಗಳ ಮೇಲಿನ ದಾಳಿಗಳಿಗೆ ಹೆದರಿ ಕುಟುಂಬ ಅಮೆರಿಕಕ್ಕೆ ವಲಸೆ ಹೋಗಿ ಕೊನೆಗೆ ಶಿಕಾಗೋದಲ್ಲಿ ನೆಲೆ ನಿಂತಿತು. ಹುಡುಗ ಓದುತ್ತಲೇ ಟೆಲಿಗ್ರಾಂ ಹಂಚುವ ಕೆಲಸ ಮಾಡಿದ. 1922ರಲ್ಲಿ ನೌಕಾ ಅಕಾಡೆಮಿ ಮುಗಿಸಿ, ಆಮೇಲೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಎಂ.ಎಸ್. ಮಾಡಿದ. ಅಂದರೆ ನಮ್ಮ 'ಇ ಅಂಡ್ ಇ' ಬ್ರಾಂಚಿನವರು ಧಾರಾಳವಾಗಿ ನಮ್ಮವನೇ ಅಂದುಕೊಳ್ಳಬಹುದು.

ಎರಡನೇ ಮಹಾಯುದ್ಧದಲ್ಲಿ ಆತನಿಗೆ ಸಿಕ್ಕಿದ್ದು ಯುದ್ಧನೌಕೆಗಳ ವಿದ್ಯುತ್ ವಿಭಾಗ. ಪರ್ಲ್ ಹಾರ್ಬರ್ ದಾಳಿಯಲ್ಲಿ ಮುಳುಗಿ ಕೆಸರು ತುಂಬಿಕೊಂಡಿದ್ದ 'ಕ್ಯಾಲಿಫೋರ್ನಿಯಾ' ಎಂಬ ನೌಕೆಯ ಜನರೇಟರು, ಮೋಟಾರುಗಳ ರಿಪೇರಿಗೆ 1942ರಲ್ಲಿ ಆತನನ್ನು ಹವಾಯಿಗೆ ಕಳಿಸಿದರು. ಉಪ್ಪುನೀರಲ್ಲಿ ನೆಂದ ಮೋಟಾರಿನ ವೈಂಡಿಂಗ್ ಏನಾಗಿರುತ್ತದೆ ಅಂತ ನಮಗೆ ಹೇಳಿಕೊಡಬೇಕಾಗಿಲ್ಲ. ಆ ನೌಕೆ ಕೊನೆಗೆ ತನ್ನದೇ ಶಕ್ತಿಯಿಂದ ಹೊರಟು ಅಮೆರಿಕದ ಪಶ್ಚಿಮ ತೀರದ ಹಡಗುಕಟ್ಟೆ ಸೇರಿತು.

1946ರಲ್ಲಿ ಓಕ್ ರಿಡ್ಜ್‌ಗೆ ಹೋಗಿ ರಿಯಾಕ್ಟರ್ ವಿಷಯ ಕಲಿತ. ಜಲಾಂತರ್ಗಾಮಿಯೊಳಗೆ ರಿಯಾಕ್ಟರ್ ಕೂರಿಸಬಹುದು ಎಂದು ಮೇಲಿನವರನ್ನು ಒಪ್ಪಿಸಿ, ಕೆಲವೇ ವರ್ಷಗಳಲ್ಲಿ 'ನಾಟಿಲಸ್' ಕಟ್ಟಿಸಿದ. ಈ ಭಾಗ ಎಲ್ಲ ಪುಸ್ತಕದಲ್ಲೂ ಸಿಗುತ್ತದೆ. ನಮಗೆ ಮುಖ್ಯ ಅನಿಸಿದ್ದು ಅದರ ನಡುವೆ ಬರುವ ಒಂದು ಚಿಕ್ಕ ಪೈಪಿನ ಕಥೆ.

1954ರ ಸೆಪ್ಟೆಂಬರ್. ನಾಟಿಲಸ್ ಇನ್ನೂ ಗ್ರೋಟನ್‌ನ ಹಡಗುಕಟ್ಟೆಯಲ್ಲೇ ಇತ್ತು. ಪರೀಕ್ಷೆಯ ವೇಳೆ ಒಂದು ಸಣ್ಣ ಹಬೆ ಪೈಪು ಒಡೆಯಿತು. ಯಾರಿಗೂ ದೊಡ್ಡ ಪೆಟ್ಟಾಗಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಹೊಸ ತುಂಡು ಹಾಕಿಸಿ ಮುಂದೆ ಹೋಗುತ್ತಿದ್ದರು. ತನಿಖೆ ಮಾಡಿ ನೋಡಿದರೆ, ಡ್ರಾಯಿಂಗ್‌ನಲ್ಲಿ ಇದ್ದದ್ದು ಸೀಮ್‌ಲೆಸ್ ಪೈಪು, ಅಂದರೆ ಉದ್ದಕ್ಕೆ ಬೆಸುಗೆಯ ಗೆರೆಯೇ ಇಲ್ಲದ್ದು. ಹಾಕಿದ್ದು ಕಂಬಿಗೆ, ಕಟಕಟೆಗೆ ಬಳಸುವ, ಉದ್ದಕ್ಕೆ ಬೆಸೆದ ಮಾಮೂಲಿ ಪೈಪು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಇನ್ನೆಷ್ಟು ಕಡೆ ಹೀಗೆ ತಪ್ಪು ಪೈಪು ಸೇರಿಕೊಂಡಿದೆ? ಉತ್ತರ ಕೊಡುವ ದಾಖಲೆಯೇ ಹಡಗುಕಟ್ಟೆಯಲ್ಲಿ ಇರಲಿಲ್ಲ.

ರಿಕೋವರ್ ಆ ಅಳತೆಯ ಹಬೆ ಪೈಪುಗಳನ್ನೆಲ್ಲ ಕೀಳಿಸಿದ. ಸಾವಿರಾರು ಅಡಿ. ಒಳ್ಳೆಯದೂ ಕೆಟ್ಟದ್ದೂ ಎಲ್ಲ ಹೋಯಿತು, ಹೊಸದು ಬಂತು. ದೇಶವೇ ಕಾಯುತ್ತಿದ್ದ ಹಡಗು ತಡವಾಗಿ, 1955ರ ಜನವರಿ 17ರಂದು ಹೊರಟಿತು.

ಇದನ್ನು ಹಟಮಾರಿತನ ಅನ್ನಬಹುದು. ಆದರೆ ಲೆಕ್ಕ ಸರಳ: ಒಂದು ಭಾಗ ಸರಿಯಿದೆ ಅಂತ ತೋರಿಸಲು ಪುರಾವೆ ಇಲ್ಲದಿದ್ದರೆ, ಅದು ಸರಿಯಿಲ್ಲ ಅಂತಲೇ ಎಣಿಸಬೇಕು. ನಮ್ಮಲ್ಲಿ ಸಾಮಾನ್ಯವಾಗಿ ತಲೆಕೆಳಗು. ಕೆಟ್ಟಿದೆ ಅಂತ ತೋರಿಸುವವರೆಗೆ ಎಲ್ಲವೂ ಓಕೆ. ಲ್ಯಾಬ್ ರೆಕಾರ್ಡಿಗೆ ಸೆಮಿಸ್ಟರ್ ಕೊನೆಯಲ್ಲಿ ಒಟ್ಟಿಗೇ ಸಹಿ ಬೀಳುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

1957ರ ಡಿಸೆಂಬರ್‌ನಲ್ಲಿ ಪೆನ್ಸಿಲ್ವೇನಿಯಾದ ಶಿಪ್ಪಿಂಗ್‌ಪೋರ್ಟ್ ವಿದ್ಯುತ್ ಸ್ಥಾವರ ಶುರುವಾಯಿತು. 60 ಮೆಗಾವಾಟ್, ಅಮೆರಿಕದ ಮೊದಲ ಪೂರ್ಣ ಪ್ರಮಾಣದ ನಾಗರಿಕ ಪರಮಾಣು ವಿದ್ಯುತ್ ಕೇಂದ್ರ. ಅದನ್ನೂ ಕಟ್ಟಿಸಿದ್ದು ರಿಕೋವರ್ ತಂಡವೇ. ನಡೆಸುತ್ತಿದ್ದದ್ದು ಸ್ಥಳೀಯ ವಿದ್ಯುತ್ ಕಂಪನಿ, ಆದರೆ ರಿಕೋವರ್ ತನ್ನ ಪ್ರತಿನಿಧಿಯನ್ನು ಅಲ್ಲೇ ಕೂರಿಸಿದ. ಅಪಾಯ ಕಂಡರೆ ರಿಯಾಕ್ಟರ್ ನಿಲ್ಲಿಸುವ ಅಧಿಕಾರ ಆತನಿಗಿತ್ತು. ಹಡಗುಕಟ್ಟೆಗಳಲ್ಲೂ ಇದೇ ಏರ್ಪಾಡು. ಪ್ರತಿನಿಧಿಗಳು ಅಲ್ಲಿನ ಮುಖ್ಯಸ್ಥರಿಗೆ ವರದಿ ಒಪ್ಪಿಸುವಂತಿಲ್ಲ, ನೇರ ರಿಕೋವರ್‌ಗೇ ಬರೆಯಬೇಕು. ಅವರು ಸ್ಥಳೀಯರ ಜೊತೆ ತೀರಾ ಸ್ನೇಹ ಬೆಳೆಸುವುದೂ ಆತನಿಗೆ ಇಷ್ಟವಿರಲಿಲ್ಲ.

ಇಷ್ಟೆಲ್ಲ ಕಾವಲು ಇದ್ದದ್ದು ರಿಯಾಕ್ಟರ್ ಭಾಗಕ್ಕೆ ಮಾತ್ರ. ಹಡಗಿನ ಉಳಿದ ಭಾಗ ನೌಕಾಪಡೆಯ ಬೇರೆ ವಿಭಾಗದ್ದು. ಈ ಗೆರೆ ಎಷ್ಟು ದುಬಾರಿ ಅಂತ ಗೊತ್ತಾಗಿದ್ದು 1963ರಲ್ಲಿ.

'ಥ್ರೆಶರ್' ಆ ಕಾಲದ ಅತ್ಯಾಧುನಿಕ ಜಲಾಂತರ್ಗಾಮಿ. ಸುಮಾರು ಒಂಬತ್ತು ತಿಂಗಳು ಪೋರ್ಟ್ಸ್‌ಮತ್ ಹಡಗುಕಟ್ಟೆಯಲ್ಲಿ ರಿಪೇರಿ, ಮಾರ್ಪಾಡು ಮಾಡಿಸಿಕೊಂಡು 1963ರ ಏಪ್ರಿಲ್‌ನಲ್ಲಿ ಹೊರಬಂತು. ಏಪ್ರಿಲ್ 10ರಂದು ಆಳದ ಪರೀಕ್ಷೆಗೆ ಇಳಿದದ್ದು ಮೇಲೆ ಬರಲೇ ಇಲ್ಲ. ಒಳಗಿದ್ದ 129 ಜನರೂ ಸತ್ತರು. ಅವರಲ್ಲಿ 17 ಮಂದಿ ನಾಗರಿಕರು, ಸೈನಿಕರಲ್ಲ.

ಆ ಹಡಗಿನಲ್ಲಿ ಸಮುದ್ರದ ನೀರು ಹರಿಯುವ ಪೈಪುಗಳ ಸುಮಾರು 3,000 ಜೋಡಣೆಗಳನ್ನು ಬೆಳ್ಳಿ ಬೆರೆತ ಲೋಹದಿಂದ ಬ್ರೇಜಿಂಗ್ ಮಾಡಿದ್ದರು. ಬ್ರೇಜಿಂಗ್‌ನ ಕಷ್ಟ ಏನೆಂದರೆ, ಕರಗಿದ ಲೋಹ ಸಂದಿನೊಳಗೆ ಪೂರ್ತಿ ಹರಡದೆ ಅಂಚಲ್ಲಷ್ಟೇ ಹಿಡಿದುಕೊಂಡಿದ್ದರೂ ನೀರಿನ ಒತ್ತಡದ ಪರೀಕ್ಷೆಯಲ್ಲಿ ಪಾಸಾಗಿಬಿಡಬಹುದು. ಒಳಗೆ ನಿಜಕ್ಕೂ ಎಷ್ಟು ಹಿಡಿದಿದೆ ಅಂತ ತಿಳಿಯಲು ಆಗಷ್ಟೇ ಅಲ್ಟ್ರಾಸಾನಿಕ್ ಪರೀಕ್ಷೆ ಬಂದಿತ್ತು. ಆ ರಿಪೇರಿ ಅವಧಿಯಲ್ಲಿ 145 ಜೋಡಣೆಗಳನ್ನು ಹೀಗೆ ನೋಡಿದರು. 14 ಶೇಕಡಾ ಕಳಪೆ ಎಂದು ಬಂತು. ಅಲ್ಲಿಗೆ ಪರೀಕ್ಷೆ ನಿಂತಿತು. ಉಳಿದದ್ದನ್ನು ನೋಡಬೇಕಾದರೆ ಮುಚ್ಚಿದ ಭಾಗ ಬಿಚ್ಚಬೇಕು, ಹಡಗು ತಡವಾಗುತ್ತದೆ. ಅದೇ ಪ್ರಮಾಣವನ್ನು ಉಳಿದವಕ್ಕೂ ಹಿಡಿದು ನೋಡಿ, ಸುಮಾರು 400 ಕಳಪೆ ಜೋಡಣೆಗಳನ್ನು ಇಟ್ಟುಕೊಂಡು ಹಡಗು ನೀರಿಗಿಳಿಯಿತು ಅಂತಾಗುತ್ತದೆ.

ಅಂಥ ಒಂದು ಜೋಡಣೆ ಒಡೆದು ನೀರು ನುಗ್ಗಿ, ವಿದ್ಯುತ್ ಉಪಕರಣ ಕೆಟ್ಟು ರಿಯಾಕ್ಟರ್ ನಿಂತಿರಬೇಕು ಎಂಬುದು ತನಿಖೆಯ ಊಹೆ. ಟ್ಯಾಂಕುಗಳಿಂದ ನೀರನ್ನು ಹೊರದಬ್ಬಬೇಕಾಗಿದ್ದ ಗಾಳಿಯ ಪೈಪಿನಲ್ಲಿ ಮಂಜುಗಡ್ಡೆ ಕಟ್ಟಿ ಅದೂ ಕೈಕೊಟ್ಟಿರಬೇಕು. ಸಂಸತ್ ಸಮಿತಿಯ ಮುಂದೆ ರಿಕೋವರ್ ಹಡಗುಕಟ್ಟೆಗಳ ಕಳಪೆ ಕೆಲಸವನ್ನು, ಒಬ್ಬರಿಂದೊಬ್ಬರಿಗೆ ಬದಲಾಗುತ್ತಲೇ ಇರುವ ಹೊಣೆಗಾರಿಕೆಯನ್ನು ಝಾಡಿಸಿದ. ಆದರೆ ಆತನ ಕಡೆಗೂ ಒಂದು ಬೆರಳು ತಿರುಗಿತ್ತು. ರಿಯಾಕ್ಟರ್ ನಿಂತಾಗ ಅದನ್ನು ಕಾಪಾಡಲು ಹಬೆಯನ್ನು ಬಂದ್ ಮಾಡಬೇಕು ಎಂಬುದು ಆತನದೇ ನಿಯಮ. ಮುಳುಗುತ್ತಿರುವ ಹಡಗಿಗೆ ಬೇಕಾಗಿದ್ದುದೇ ಆ ಹಬೆಯ ಶಕ್ತಿ. ಘಟನೆ ನಂತರ ಬೇಗ ಮರುಚಾಲನೆ ಮಾಡುವ ಹೊಸ ವಿಧಾನ ಬಂತು. ಇದರ ಬಗ್ಗೆ ಆತ ಸಾರ್ವಜನಿಕವಾಗಿ ಆಡಿದ ಮಾತು ಕಡಿಮೆ. ನಮ್ಮ ಅಭಿಪ್ರಾಯದಲ್ಲಿ ಇದು ಆತನ ಜೀವನದ ನೆರಳು.

1963ರ ಡಿಸೆಂಬರ್‌ನಲ್ಲಿ ನೌಕಾಪಡೆ 'ಸಬ್‌ಸೇಫ್' ಎಂಬ ವ್ಯವಸ್ಥೆ ತಂದಿತು. ಸಮುದ್ರದ ಒತ್ತಡ ತಡೆಯುವ ಪ್ರತಿ ಭಾಗಕ್ಕೂ ಯಾವ ಲೋಹ, ಯಾರು ಬೆಸೆದದ್ದು, ಯಾವ ಪರೀಕ್ಷೆ ಆಯಿತು ಎಂಬ ಲಿಖಿತ ಪುರಾವೆ ಇರಬೇಕು. ರಿಪೇರಿಗೆ ಬಿಚ್ಚಿದರೆ ಆ ಪ್ರಮಾಣಪತ್ರ ಅಲ್ಲಿಗೇ ರದ್ದು, ಮತ್ತೆ ಮೊದಲಿಂದ ಪುರಾವೆ ಕೊಡಬೇಕು. 1915ರಿಂದ 1963ರವರೆಗೆ ಯುದ್ಧವಿಲ್ಲದೆಯೂ ಅಮೆರಿಕ 16 ಜಲಾಂತರ್ಗಾಮಿ ಕಳೆದುಕೊಂಡಿತ್ತು. ಸಬ್‌ಸೇಫ್ ಪ್ರಮಾಣಪತ್ರ ಪಡೆದ ಒಂದೂ ಆಮೇಲೆ ಮುಳುಗಿಲ್ಲ. 1968ರಲ್ಲಿ ಮುಳುಗಿದ 'ಸ್ಕಾರ್ಪಿಯನ್'ಗೆ ಆ ಪ್ರಮಾಣಪತ್ರ ಇರಲಿಲ್ಲ.

ಇನ್ನು ವಿದ್ಯುತ್ ಸ್ಥಾವರಗಳ ಕಡೆ ಬರೋಣ. 1979ರ ಮಾರ್ಚ್ 28ರ ಬೆಳಗಿನ ಜಾವ ತ್ರೀ ಮೈಲ್ ಐಲೆಂಡ್‌ನಲ್ಲಿ ಮುಖ್ಯ ನೀರಿನ ಪಂಪುಗಳು ನಿಂತವು. ತುರ್ತು ಪಂಪುಗಳು ತಾವಾಗಿಯೇ ಶುರುವಾದವು, ಆದರೆ ನೀರು ಮುಂದಕ್ಕೆ ಹೋಗಲಿಲ್ಲ. ಎರಡು ದಿನ ಹಿಂದೆ ಪರೀಕ್ಷೆಗೆಂದು ಮುಚ್ಚಬೇಕಾಗಿದ್ದ ವಾಲ್ವುಗಳು ಮುಚ್ಚಿಯೇ ಇದ್ದವು. ಅದನ್ನು ತೋರಿಸುವ ದೀಪಗಳಲ್ಲಿ ಒಂದರ ಮೇಲೆ ರಿಪೇರಿ ಚೀಟಿ ನೇತಾಡುತ್ತಿತ್ತಂತೆ. ಎಂಟು ನಿಮಿಷದ ಮೇಲೆ ಯಾರೋ ಗಮನಿಸಿದರು. ಅಪಘಾತ ದೊಡ್ಡದಾಗಲು ಮುಖ್ಯ ಕಾರಣ ತೆರೆದೇ ಉಳಿದ ಇನ್ನೊಂದು ವಾಲ್ವು, ಅದು ಸರಿ. ಆದರೆ ಕೆಲಸ ಮುಗಿದ ಮೇಲೆ ಎಲ್ಲ ಮೊದಲಿನಂತಿದೆಯಾ ಅಂತ ನೋಡುವ ಕಣ್ಣು ಅಲ್ಲಿರಲಿಲ್ಲ ಎಂಬುದೂ ಅಷ್ಟೇ ಸರಿ.

ಆಗ ಅಧ್ಯಕ್ಷರಾಗಿದ್ದವರು ಜಿಮ್ಮಿ ಕಾರ್ಟರ್. ರಿಕೋವರ್ ಕೈಕೆಳಗೆ ಕೆಲಸ ಕಲಿತವರು. 1952ರಲ್ಲಿ ಕೆನಡಾದ ಚಾಕ್ ರಿವರ್ ರಿಯಾಕ್ಟರ್ ಹಾಳಾದಾಗ ಬಿಚ್ಚಿ ತೆಗೆಯುವ ತಂಡದಲ್ಲಿ ಇದ್ದವರು. ಅದೇ ಮೇ ತಿಂಗಳಲ್ಲಿ ರಿಕೋವರ್ ಸಂಸತ್ ಸಮಿತಿಯ ಮುಂದೆ ಹೋಗಿ ತನ್ನ ಪದ್ಧತಿ ವಿವರಿಸಿದ. ಯಾವುದೋ ಒಂದು ಉಪಕರಣ ಸೇರಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ಮಾತನ್ನು ಆತ ಒಪ್ಪಲಿಲ್ಲ. ಆ ವರ್ಷದ ಕೊನೆಗೆ ವಿದ್ಯುತ್ ಕಂಪನಿಗಳು ಸೇರಿ ತಮ್ಮನ್ನು ತಾವೇ ಪರಿಶೀಲಿಸಿಕೊಳ್ಳಲು ಇಂಪೋ ಎಂಬ ಸಂಸ್ಥೆ ಕಟ್ಟಿದವು. ಅದರ ಮೊದಲ ಮುಖ್ಯಸ್ಥ ಯೂಜೀನ್ ವಿಲ್ಕಿನ್ಸನ್, ನಾಟಿಲಸ್‌ನ ಮೊದಲ ಕ್ಯಾಪ್ಟನ್.

ಆದರೂ ಒಂದು ಮಾತು ಹೇಳದೆ ಇರಲಾಗದು. ಮೂರನೇ ಕಣ್ಣು ಬೇಕು ಅನ್ನುತ್ತಿದ್ದ ರಿಕೋವರ್‌ನ ಮೇಲೆ ಮೂರನೇ ಕಣ್ಣು ಎಷ್ಟಿತ್ತು? ಆತ ಏಕಕಾಲಕ್ಕೆ ನೌಕಾಪಡೆಯ ಅಧಿಕಾರಿಯೂ ಹೌದು, ಪರಮಾಣು ಶಕ್ತಿ ಆಯೋಗದ ಅಧಿಕಾರಿಯೂ ಹೌದು. ಒಂದು ಕುರ್ಚಿಯಿಂದ ಬರೆದ ಪತ್ರಕ್ಕೆ ಇನ್ನೊಂದು ಕುರ್ಚಿಯಿಂದ ತಾನೇ ಒಪ್ಪಿಗೆ ಕೊಡಬಹುದಿತ್ತು. ಬೆಳೆಸುವವರೇ ಕಾಯುವವರೂ ಆಗಬಾರದು ಅಂತ 1975ರಲ್ಲಿ ಆ ಆಯೋಗವನ್ನೇ ಒಡೆದು ನಿಯಂತ್ರಣಕ್ಕೆ ಪ್ರತ್ಯೇಕ ಸಂಸ್ಥೆ ಮಾಡಿದರು. ನೌಕಾಪಡೆಯ ರಿಯಾಕ್ಟರ್‌ಗಳು ಮಾತ್ರ ಆತನ ಕೈಯಲ್ಲೇ ಉಳಿದವು. ಆತ ಕೆಲಸದಲ್ಲಿ ಪ್ರಾಮಾಣಿಕನಾಗಿದ್ದರಿಂದ ಅದು ನಡೆಯಿತು ಅನ್ನಬಹುದೇ ಹೊರತು, ಏರ್ಪಾಡು ಸರಿಯಿತ್ತು ಅನ್ನಲಾಗದು.

ಹೊಸ ಪರಮಾಣು ಜಲಾಂತರ್ಗಾಮಿಗಳ ಮೊದಲ ಯಾನಕ್ಕೆ ಸಾಮಾನ್ಯವಾಗಿ ಆತನೇ ಹೋಗುತ್ತಿದ್ದ. 1981ರಲ್ಲಿ, 81ರ ವಯಸ್ಸಿನಲ್ಲಿ, 'ಲಾ ಹೋಯಾ' ಹಡಗಿನ ಪರೀಕ್ಷೆ ನಡೆಸುವಾಗ ಹಡಗು ಹಿಡಿತ ತಪ್ಪಿ ಆಳಕ್ಕೆ ಜಾರಿತು. ಸಿಬ್ಬಂದಿ ಸಂಭಾಳಿಸಿದರು. ಅಲ್ಲಿ ಬೇಡ ಅನ್ನುವ ಅಧಿಕಾರ ಯಾರಿಗೂ ಇರಲಿಲ್ಲ. 1982ರ ಜನವರಿಯಲ್ಲಿ 63 ವರ್ಷದ ಸೇವೆ ಮುಗಿಸಿ ಮನೆಗೆ ಕಳಿಸಿದರು. ಹೋಗುವ ಮುನ್ನ ಸಂಸತ್ ಸಮಿತಿಯೊಂದರಲ್ಲಿ, ವಿಕಿರಣ ಹುಟ್ಟಿಸುವ ಈ ಶಕ್ತಿ ಅಷ್ಟಕ್ಕೆ ಬೆಲೆಬಾಳುತ್ತದೆಯೇ ಎಂಬ ಅನುಮಾನವನ್ನೇ ಮುಂದಿಟ್ಟು ಎಲ್ಲರನ್ನೂ ತಬ್ಬಿಬ್ಬು ಮಾಡಿದ. ಮುಂದೆ, ಜಲಾಂತರ್ಗಾಮಿ ಕಟ್ಟುವ ಕಂಪನಿಯಿಂದ ಉಡುಗೊರೆ ಪಡೆದದ್ದಕ್ಕೆ 1985ರಲ್ಲಿ ನೌಕಾಪಡೆಯಿಂದ ಛೀಮಾರಿ ಹಾಕಿಸಿಕೊಂಡ. 1986ರ ಜುಲೈ 8ರಂದು ತೀರಿಕೊಂಡ.

ಶಿಪ್ಪಿಂಗ್‌ಪೋರ್ಟ್ ಸ್ಥಾವರ 1982ರಲ್ಲೇ ನಿಂತಿತ್ತು. ಅದರ ರಿಯಾಕ್ಟರ್ ಪಾತ್ರೆಯನ್ನು ಇಡಿಯಾಗಿ ಎತ್ತಿ, ದೋಣಿಯಲ್ಲಿ ಹೇರಿ, ಪನಾಮಾ ಕಾಲುವೆ ದಾಟಿಸಿ ವಾಷಿಂಗ್ಟನ್ ರಾಜ್ಯದ ಹ್ಯಾನ್‌ಫರ್ಡ್‌ನಲ್ಲಿ ಹೂತರು.