ಮೂರು ವಸಿಯ್ಯತ್ ಪಡೆದ ಅಬೂಹುರೈರಾ(ರ)

ಹದೀಸ್ ಕಲಿತ ಯಾರಿಗೂ ಅಬೂಹುರೈರಾ(ರ) ಅವರ ಹೆಸರು ಹೊಸದಲ್ಲ. ಅವರಿಂದ ವರದಿಯಾದ ಹದೀಸ್‌ಗಳ ಸಂಖ್ಯೆ 5374 ಎಂದು ವಿದ್ವಾಂಸರು ಎಣಿಸಿದ್ದಾರೆ. ಆದರೆ ಅವರು ಊರು ಬಿಟ್ಟು ಬಂದ ಬಡ ಕೂಲಿಯಾಗಿದ್ದರು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಯಮನಿನ ದೌಸ್ ಗೋತ್ರದವರು. ತಂದೆಯಿಲ್ಲದೆ ಬೆಳೆದರು. ಬುಸ್ರಾ ಬಿಂತ್ ಗಝ್ವಾನ್ ಎಂಬವರ ಬಳಿ ಹೊಟ್ಟೆಪಾಡಿಗಾಗಿ ದುಡಿದರು. ಪ್ರಯಾಣದಲ್ಲಿ ಒಂಟೆ ಹೊಡೆಯುವುದು, ತಂಗಿದಲ್ಲಿ ಸೇವೆ ಮಾಡುವುದು, ಇಷ್ಟೇ ಕೆಲಸ. ಮುಂದೆ ಅದೇ ಮಹಿಳೆ ಅವರ ಪತ್ನಿಯಾದರು! ಹಿಜ್ರಾ 7ರಲ್ಲಿ, ಖೈಬರ್ ಯುದ್ಧದ ಹೊತ್ತಿಗೆ ಮದೀನಾ ತಲುಪಿದರು. ಮನೆಯಿಲ್ಲ. ಮಸೀದಿಯ ಸುಫ್ಫಾ ಜಗಲಿಯೇ ವಾಸ. ಹಸಿವು ತಾಳಲಾರದೆ ಹೊಟ್ಟೆಗೆ ಕಲ್ಲು ಕಟ್ಟಿಕೊಂಡದ್ದೂ ಉಂಟು.

ಅಂತಹ ಶಿಷ್ಯನಿಗೆ ಪ್ರವಾದಿ(ಸ) ಮೂರು ವಸಿಯ್ಯತ್ ಮಾಡಿದರು: ಪ್ರತಿ ತಿಂಗಳು ಮೂರು ಉಪವಾಸ, ಎರಡು ರಕಅತ್ ಳುಹಾ ನಮಾಝ್, ಮಲಗುವ ಮುನ್ನ ವಿತ್ರ್. ಸಾಯುವವರೆಗೂ ಅವರು ಇವನ್ನು ಬಿಡಲಿಲ್ಲ. ರಾತ್ರಿ ಹದೀಸ್ ಕಂಠಪಾಠ ಮಾಡುತ್ತಾ ತಡವಾಗಿ ಮಲಗುತ್ತಿದ್ದುದರಿಂದ ವಿತ್ರನ್ನು ಮೊದಲೇ ಮುಗಿಸಲು ಹೇಳಿದರೆಂದು ಉಲಮಾಗಳ ವಿವರಣೆಯಿದೆ. ನನಗೆ ಇದರಲ್ಲಿ ಕಾಣುವುದು ಅಳತೆ. ದಣಿದವನಿಗೆ ಹೊರಲಾಗದ ಹೊರೆ ಕೊಡಲಿಲ್ಲ, ಬರೇ ಎರಡು ರಕಅತ್.

ಕರಾವಳಿಯವರು ಳುಹಾ ಎನ್ನುವ, ಉರ್ದು ಮನೆಗಳಲ್ಲಿ ಚಾಶ್ತ್ ಎನ್ನುವ ಈ ಸುನ್ನತ್ ನಮಾಝಿನ ಸಮಯ, ಸೂರ್ಯ ಹುಟ್ಟಿ ಸುಮಾರು 15-20 ನಿಮಿಷದ ನಂತರ ಶುರುವಾಗಿ ಝುಹರ್‌ಗೆ ಸ್ವಲ್ಪ ಮುಂಚಿನವರೆಗೆ ಇರುತ್ತದೆ. ಸೈಟಿನಲ್ಲಿ ದುಡಿಯುವವರಿಗೆ ಬೆಳಗಿನ ವಿರಾಮದಲ್ಲಿ ಐದು ನಿಮಿಷ ಸಾಕು. (ವಿರಾಮದಲ್ಲಿ ಎಂದೆ, ಡ್ಯೂಟಿಯ ಸಮಯದಲ್ಲಿ ಅಲ್ಲ. ಅದು ಕೂಲಿ ಕೊಡುವವನ ಹಕ್ಕು.)

ಉಮರ್(ರ) ಅವರನ್ನು ಬಹ್ರೈನಿನ ಅಧಿಕಾರಿಯಾಗಿ ಕಳಿಸಿದರು. ಆಗ ಬಹ್ರೈನ್ ಎಂದರೆ ಬರೇ ಇಂದಿನ ದ್ವೀಪವಲ್ಲ. ಅಲ್‌ಹಸಾ, ಕತೀಫ್ ಇರುವ ಕರಾವಳಿಯೂ ಸೇರಿತ್ತು. ಇಂದು ನಮ್ಮವರೆಷ್ಟೋ ಮಂದಿ ದುಡಿಯುವ ನೆಲವೇ ಅದು. ಮರಳಿದಾಗ ಅವರ ಬಳಿ 10,000 ದಿರ್ಹಂ ಇತ್ತೆಂದು ವರದಿಯಿದೆ. ಉಮರ್(ರ) ಲೆಕ್ಕ ಕೇಳಿಯೇ ಬಿಟ್ಟರು. ಮರಿ ಹಾಕಿದ ಕುದುರೆಗಳು, ಗುಲಾಮನ ದುಡಿಮೆ, ಬಂದ ಉಡುಗೊರೆಗಳು ಎಂದು ಅವರು ಒಂದೊಂದನ್ನೇ ವಿವರಿಸಿದರು. ಪರಿಶೀಲಿಸಿದಾಗ ಮಾತು ನಿಜವಾಗಿತ್ತು. ಲೆಕ್ಕ ಬರೆಯುವುದೇ ಕಸುಬಾದ ನನಗೆ ಈ ಘಟನೆ ಬಹಳ ಇಷ್ಟ. ಮತ್ತೆ ಹುದ್ದೆಗೆ ಕರೆದಾಗ ಅಬೂಹುರೈರಾ(ರ) ಒಪ್ಪಲಿಲ್ಲ.

ಮನೆಯಲ್ಲಿ ರಾತ್ರಿಯನ್ನು ಮೂರು ಪಾಲು ಮಾಡಿ ಅವರು, ಪತ್ನಿ, ಸೇವಕ ಸರದಿಯಂತೆ ಎದ್ದು ನಮಾಝ್ ಮಾಡುತ್ತಿದ್ದರು. ಹಿಜ್ರಾ 59ರ ಸುಮಾರಿಗೆ ತೀರಿಕೊಂಡರು. ಸಮಾಧಿ ಬಕೀಅ್‌ನಲ್ಲಿದೆ. ಉಮ್ರಾಕ್ಕೆ ಹೋಗಿ ಮದೀನಾದಲ್ಲಿ ಉಳಿಯುವವರು ಫಜ್ರ್ ಬಳಿಕ ಅಲ್ಲಿಗೆ ಸಲಾಂ ಹೇಳಲು ಹೋಗುತ್ತಾರೆ. ಮಸೀದಿಗೆ ಮರಳುವಷ್ಟರಲ್ಲಿ ಹೆಚ್ಚಾಗಿ ಳುಹಾದ ಸಮಯ ಆಗಿರುತ್ತದೆ.