ಮೂರೇ ರಾಗ ಕಲಿಸಿದ ಕುಂದಗೋಳದ ಗುರು

ಐದನೇ ಸೆಮಿಸ್ಟರ್ ಪರೀಕ್ಷೆ ಮುಗಿದ ರಾತ್ರಿ ಹುಬ್ಬಳ್ಳಿಯಲ್ಲಿ ಗೆಳೆಯನ ರೂಮಿನಲ್ಲೇ ಉಳಿದುಕೊಂಡಿದ್ದೆ. ನಿದ್ದೆ ಬರದೆ ಲ್ಯಾಪ್‌ಟಾಪಿನಲ್ಲಿ 'ಗ್ರೀನ್ ಲ್ಯಾಂಟರ್ನ್: ಎಮರಾಲ್ಡ್ ನೈಟ್ಸ್' ಹಾಕಿದೆವು. 2011ರ ಅನಿಮೇಷನ್ ಸಿನಿಮಾ. ಬಾಹ್ಯಾಕಾಶ ಕಾಯುವ ಒಂದು ಪಡೆ, ಒಬ್ಬೊಬ್ಬರ ಬೆರಳಿಗೂ ಹಸಿರು ಉಂಗುರ. ಧರಿಸಿದವನು ಸತ್ತರೆ ಉಂಗುರ ಹಾರಿಹೋಗಿ ಇನ್ನೊಬ್ಬ ಯೋಗ್ಯನನ್ನು ಹುಡುಕಿಕೊಳ್ಳುತ್ತದೆ. ಯುದ್ಧದ ಮುಂಚೆ ಹೊಸದಾಗಿ ಸೇರಿದ ಹುಡುಗಿಗೆ ಹಿರಿಯರ ಕಥೆಗಳನ್ನು ಒಂದೊಂದಾಗಿ ಹೇಳುವುದೇ ಸಿನಿಮಾ. ಅದರಲ್ಲಿ ಕಿಲೋವಾಗ್ ಎಂಬ ದೈತ್ಯ ತರಬೇತುದಾರ ಇದ್ದಾನೆ. ಹೊಸಬರನ್ನು ಗೋಳುಹೊಯ್ದುಕೊಳ್ಳುವ ಆಸಾಮಿ. ಆದರೆ ಅವನ ಕಥೆ ಬಂದಾಗ, ಅವನಿಗೆ ಕಲಿಸಿದವನು ಅವನಿಗಿಂತ ಕಠಿಣನಾಗಿದ್ದ ಎಂದು ಗೊತ್ತಾಗುತ್ತದೆ.

ಗೆಳೆಯ ಅಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದ. ನನಗೆ ಮಾತ್ರ ನಮ್ಮೂರ ಕಡೆಯ ಒಂದು ಹೆಸರು ನೆನಪಾಯಿತು. ನಾನು ಕುಂದಗೋಳ ತಾಲ್ಲೂಕಿನವನು. ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಸವಾಯಿ ಗಂಧರ್ವ ಹಾಲ್ ಇದೆಯಲ್ಲ, ಅಲ್ಲಿ ಪುಸ್ತಕ ಪ್ರದರ್ಶನ, ಸೀರೆ ಸೇಲ್ ಎಂದು ಎಷ್ಟೋ ಸಲ ಹೋಗಿದ್ದೇನೆ. ಆ ಹೆಸರಿನ ಮನುಷ್ಯ ನಮ್ಮ ತಾಲ್ಲೂಕಿನವರು ಎಂದು ಪಿಯುಸಿಯವರೆಗೂ ನನಗೆ ಗೊತ್ತಿರಲಿಲ್ಲ. ನಾಚಿಕೆಯ ಮಾತು, ಆದರೆ ನಿಜ.

ಅವರ ಹೆಸರು ರಾಮಚಂದ್ರ. ಎಲ್ಲರಿಗೂ ರಾಂಭಾವು. ಹುಟ್ಟಿದ್ದು 1886ರ ಜನವರಿ 19ರಂದು. ಆಗ ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಪಟವರ್ಧನರ ಆಳ್ವಿಕೆ, ಕಚೇರಿಯಲ್ಲಿ ಮರಾಠಿ, ಬೀದಿಯಲ್ಲಿ ಕನ್ನಡ. ತಂದೆ ಗಣೇಶರಾವ್ ಕಾರಕೂನಿಕೆ ಮಾಡುತ್ತಿದ್ದರು. ಮಗನಿಗೆ ಶಾಲೆ ಅಷ್ಟಕ್ಕಷ್ಟೇ, ಹಾಡು ಎಂದರೆ ಪ್ರಾಣ. ಮೊದಲ ಪಾಠ ಬಲವಂತರಾವ್ ಕೊಲ್ಹಟ್ಕರ್ ಎಂಬವರಿಂದ. ದ್ರುಪದ, ತರಾನಾ, ತಾಳದ ಲೆಕ್ಕ ಎಲ್ಲ ಅವರೇ ಹೇಳಿಕೊಟ್ಟರು. 1898ರಲ್ಲಿ ಅವರು ತೀರಿಕೊಂಡಾಗ ಹುಡುಗನಿಗೆ ಹನ್ನೆರಡು ವರ್ಷ. ಕಲಿಕೆ ಅರ್ಧಕ್ಕೇ ನಿಂತಿತು.

ಮುಂದಿನದಕ್ಕೆ ರೈಲು ಕಾರಣ ಎಂದು ನನ್ನ ಲೆಕ್ಕ. ಮಿರಜದಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ಹುಬ್ಬಳ್ಳಿ ದಾಟಿದ ಮೇಲೆ ಕುಂದಗೋಳ ಸಿಗುತ್ತದೆ. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಮೈಸೂರು ಅರಮನೆಗೆ ಹಾಡಲು ಹೋಗುವಾಗ, ಬರುವಾಗ ಕುಂದಗೋಳದಲ್ಲಿ ಇಳಿದು ನಾಡಿಗೇರ ವಾಡೆಯಲ್ಲಿ ತಂಗುತ್ತಿದ್ದರು. ಉತ್ತರ ಪ್ರದೇಶದ ಕೈರಾನಾ ಊರಿನ ಮುಸ್ಲಿಂ ಗಾಯಕನಿಗೆ ಎರೆಮಣ್ಣಿನ ನಾಡಿನ ಬ್ರಾಹ್ಮಣ ಜಮೀನುದಾರರ ವಾಡೆ ಬಿಡಾರವಾಗಿತ್ತು. ಒಂದು ದಿನ ಖಾನ್ ಸಾಹೇಬರು ಹಾಡಿದ್ದ ಠುಮ್ರಿಯನ್ನೇ ಹೊರಗೆ ಯಾರೋ ಹುಡುಗ ಹಾಗೇ ಗುನುಗುವುದು ಅವರ ಕಿವಿಗೆ ಬಿತ್ತಂತೆ. ಕರೆಸಿ ನೋಡಿದರೆ ರಾಂಭಾವು. ಈ ಕಥೆಯನ್ನು ಕುಂದಗೋಳದಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ, ಆದರೆ ವಾಡೆಯ ಕಟ್ಟೆ ಮಾತ್ರ ಎಲ್ಲರ ಕಥೆಯಲ್ಲೂ ಬರುತ್ತದೆ.

ಖಾನ್ ಸಾಹೇಬರು ಕಲಿಸಲು ಒಪ್ಪಿದರು. ಷರತ್ತು ಒಂದೇ: ಎಂಟು ವರ್ಷ ಬಿಟ್ಟುಹೋಗಬಾರದು. ನಮ್ಮ ಬಿಇ ನಾಲ್ಕು ವರ್ಷದ್ದು. ಅದೂ ಯಾವಾಗ ಮುಗಿದೀತಪ್ಪ ಎಂದು ನಾವು ಕ್ಯಾಲೆಂಡರ್ ಎಣಿಸುತ್ತೇವೆ.

ರಾಂಭಾವು ಅವರದು ಹುಟ್ಟಾ ಜೇನಿನಂಥ ಕಂಠವಲ್ಲ. ವಯಸ್ಸಿಗೆ ಬಂದಾಗ ದನಿ ಒಡೆದು ಇನ್ನೂ ಮೊಂಡಾಯಿತು. ಗುರುವಿನದು ಎಳೆ ಎಳೆಯಾಗಿ ಹರಿಯುವ ನಯವಾದ ದನಿ. ಶಿಷ್ಯನದು ಅದಕ್ಕೆ ಒಗ್ಗದ, ಸುಲಭಕ್ಕೆ ಬಾಗದ ದನಿ. ಮುಂದೆ ದೊಡ್ಡ ಗಾಯಕರಾದ ಮೇಲೂ ಕಛೇರಿಯಲ್ಲಿ ಅವರ ಕಂಠ ಬಿಸಿಯಾಗಲು ಬಹಳ ಹೊತ್ತು ಹಿಡಿಯುತ್ತಿತ್ತು. ಮೊದಲು ಬಂದವರು ಇದೇನು ಎಂದು ಮುಖ ಮುಖ ನೋಡಿಕೊಳ್ಳಬೇಕು, ಹಾಗೆ. ತಾಳ್ಮೆಯಿಂದ ಕೂತವರಿಗೆ ಮಾತ್ರ ಆಮೇಲೆ ಆ ದನಿ ತೆರೆದುಕೊಳ್ಳುವುದು ಕಾಣುತ್ತಿತ್ತು. ಹುಟ್ಟುಪ್ರತಿಭೆ ಎಂಬ ಮಾತು ಕೇಳಿದಾಗಲೆಲ್ಲ ಎರಡು ಬ್ಯಾಕ್‌ಲಾಗ್ ಇಟ್ಟುಕೊಂಡ ನನ್ನಂಥವನಿಗೆ ಹೊಟ್ಟೆಯಲ್ಲಿ ಕಸಿವಿಸಿ ಆಗುತ್ತದೆ. ಅದಕ್ಕೇ ಈ ಸಂಗತಿ ಓದಿದ ದಿನ ನನಗೆ ಅವರ ಮೇಲೆ ಪ್ರೀತಿ ಹುಟ್ಟಿತು.

ನಂತರ ಅವರು ಗುರುವಿಗೆ ಇಷ್ಟವಿಲ್ಲದ ಕೆಲಸ ಮಾಡಿದರು. ಮರಾಠಿ ನಾಟಕ ಕಂಪನಿ ಸೇರಿದರು. ಆ ಕಾಲದ ಸಂಗೀತ ನಾಟಕ ಎಂದರೆ ಇಂದಿನ ಸಿನಿಮಾದ ಹಾಗೆ, ದುಡ್ಡು, ಹೆಸರು ಎರಡೂ ಅಲ್ಲಿತ್ತು. ಹೆಣ್ಣಿನ ಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದರು. ಕುಂದಗೋಳದ ರಾಂಭಾವು ಸೀರೆಯುಟ್ಟು 'ಸೌಭದ್ರ'ದ ಸುಭದ್ರೆಯಾಗಿ ಹಾಡಿದರೆ ಜನ ಮತ್ತೆ ಮತ್ತೆ ಹಾಡಿಸುತ್ತಿದ್ದರು. ರಂಗಭೂಮಿಯಲ್ಲಿ ಆಗ ಬಾಲಗಂಧರ್ವರ ಹೆಸರು ಮೆರೆಯುತ್ತಿತ್ತು. ಇವರಿಗೆ ಸಿಕ್ಕ ಬಿರುದು ಸವಾಯಿ ಗಂಧರ್ವ. ಸವಾಯಿ ಎಂದರೆ ಒಂದೂಕಾಲು. ನಮ್ಮ ಸಂತೆಯಲ್ಲಿ ಸವಾ ಸೇರು ಎನ್ನುತ್ತಿದ್ದರಲ್ಲ, ಅದೇ ಲೆಕ್ಕ. ಗಂಧರ್ವರಿಗಿಂತ ಕಾಲು ಪಾಲು ಹೆಚ್ಚು.

ಗುರುವಿನ ಮಾತು ಮೀರಿ ನಾಟಕಕ್ಕೆ ಹೋದದ್ದನ್ನು ಕೆಲವರು ತಪ್ಪು ಎನ್ನುತ್ತಾರೆ. ಕಂಠಕ್ಕೆ ದಣಿವಾಯಿತು, ವರ್ಷಗಳು ಹಾಳಾದವು ಎನ್ನುವವರೂ ಇದ್ದಾರೆ. ನನಗೆ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಕಾರಕೂನನ ಮಗ, ಮನೆ ನಡೆಯಬೇಕು. ಇಷ್ಟದ ವಿಷಯ ಬಿಟ್ಟು ಕ್ಯಾಂಪಸ್ ಸೆಲೆಕ್ಷನ್ನಿಗೆ ಕೋಡಿಂಗ್ ಕಲಿಯುತ್ತಿರುವ ಮೆಕ್ಯಾನಿಕಲ್ ಹುಡುಗರು ನಮ್ಮ ಕ್ಲಾಸಿನಲ್ಲಿ ಅರ್ಧಕ್ಕಿಂತ ಹೆಚ್ಚಿದ್ದೇವೆ. ಮೂಕಿ ಸಿನಿಮಾ ಹೋಗಿ ಮಾತಿನ ಸಿನಿಮಾ ಬಂದ ಮೇಲೆ ನಾಟಕ ಕಂಪನಿಗಳ ಕಾಲ ಇಳಿಯಿತು. ರಾಂಭಾವು ಬೈಠಕ್ಕಿಗೆ, ಕೊನೆಗೆ ಕುಂದಗೋಳಕ್ಕೆ ಮರಳಿದರು.

ಇಲ್ಲಿಂದ ಅವರ ಬದುಕಿನಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ ಭಾಗ ಶುರುವಾಗುತ್ತದೆ.

ಹುಬ್ಬಳ್ಳಿಯಿಂದ ಗಂಗೂಬಾಯಿ ಹಾನಗಲ್ ರೈಲಿನಲ್ಲಿ ಬರುತ್ತಿದ್ದರು. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ, ಅವರ ಹಾಡು ಕೇಳಲು ಖುದ್ದು ಅಬ್ದುಲ್ ಕರೀಂ ಖಾನರೇ ಮನೆಗೆ ಬರುತ್ತಿದ್ದರು. ಹಾಗಿದ್ದರೂ ಹಾಡುವ ಮನೆತನದ ಹೆಣ್ಣುಮಕ್ಕಳಿಗೆ ಊರು ಕೊಡುತ್ತಿದ್ದ ಮರ್ಯಾದೆ ಅಷ್ಟರಲ್ಲೇ ಇತ್ತು. ಬೀದಿಯಲ್ಲಿ ಚುಚ್ಚುಮಾತು ಕೇಳಿಕೊಂಡೇ ಅವರು ಓಡಾಡಿದರು. ಮನೆಗೆಲಸ, ಮಕ್ಕಳು ಎಲ್ಲ ನೋಡಿಕೊಂಡು ರೈಲು ಹತ್ತಬೇಕು, ಪಾಠ ಮುಗಿಸಿ ರಾತ್ರಿ ವಾಪಸಾಗಬೇಕು. ಗುರು ಒಂದು ಸ್ವರಸಮೂಹ ಹೇಳಿಕೊಟ್ಟರೆ ಅದು ಕೂರುವವರೆಗೆ ಮುಂದಿನದಿಲ್ಲ. ಗಂಟೆಗಟ್ಟಲೆ ಅದೇ, ನಾಳೆ ಮತ್ತೆ ಅದೇ. ಜಿಪುಣ ಒಂದೊಂದೇ ದುಡ್ಡು ಎಣಿಸಿ ಖರ್ಚು ಮಾಡುವಂತೆ ಸ್ವರವನ್ನು ಬಳಸಬೇಕು ಎಂದು ಗುರು ಕಲಿಸಿದ್ದನ್ನು ಗಂಗೂಬಾಯಿ ಮುದುಕಿಯಾದ ಮೇಲೂ ನೆನೆಯುತ್ತಿದ್ದರು.

ಅದೇ ಹೊತ್ತಿಗೆ ಆ ಮನೆಯಲ್ಲಿ ಇನ್ನೊಬ್ಬ ಹುಡುಗ ಇದ್ದ. 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿ. ಖಾನ್ ಸಾಹೇಬರ ಒಂದು ಗ್ರಾಮಾಫೋನ್ ಪ್ಲೇಟ್ ಕೇಳಿ ಹುಚ್ಚು ಹಿಡಿಸಿಕೊಂಡು, 1933ರಲ್ಲಿ ಹನ್ನೊಂದನೇ ವಯಸ್ಸಿಗೆ ಗದಗಿನಿಂದ ಮನೆ ಬಿಟ್ಟು ಓಡಿದವನು. ಟಿಕೆಟ್ ಇಲ್ಲದೆ ರೈಲು ಹತ್ತುವುದು, ಹಾಡಿ ಹೊಟ್ಟೆ ಹೊರೆಯುವುದು. ಗ್ವಾಲಿಯರ್, ರಾಂಪುರ ಎಂದು ಅಲೆದು ಜಲಂಧರ ಮುಟ್ಟಿದ. ಅಲ್ಲಿ ಸಿಕ್ಕ ವಿನಾಯಕರಾವ್ ಪಟವರ್ಧನರು ನಿಮ್ಮೂರ ಹತ್ತಿರವೇ ಸವಾಯಿ ಗಂಧರ್ವರು ಇರುವಾಗ ಇಲ್ಲೇನು ಮಾಡುತ್ತಿದ್ದೀಯ ಎಂಬರ್ಥದಲ್ಲಿ ಬುದ್ಧಿ ಹೇಳಿದರು. ಅರ್ಧ ಭಾರತ ಸುತ್ತಿ ಬಂದ ಹುಡುಗನಿಗೆ ಗುರು ಸಿಕ್ಕಿದ್ದು ಗದಗಿನಿಂದ ಒಂದು ದಿನದ ದಾರಿಯೊಳಗೆ, 1936ರಲ್ಲಿ.

ಬಂದ ಕೂಡಲೇ ಪಾಠ ಶುರುವಾಗಲಿಲ್ಲ. ಮೊದಲು ನೀರು ಹೊರುವ ಕೆಲಸ, ಮನೆಯ ಚಾಕರಿ. ನಮ್ಮ ಕಡೆ ನೀರಿನ ಬವಣೆ ಗೊತ್ತಿದ್ದವರಿಗೆ ಕೊಡ ಹೊರುವುದೆಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ಇದನ್ನು ಓದುವಾಗ ನನಗೆ ಸಿಟ್ಟೇ ಬಂತು. ಹಾಡು ಕಲಿಯಲು ಬಂದ ಹದಿನಾಲ್ಕರ ಹುಡುಗನ ಹೆಗಲ ಮೇಲೆ ಕೊಡ ಯಾಕೆ? ಗುರುಕುಲ ಪದ್ಧತಿ ಎಂದು ಎಲ್ಲದಕ್ಕೂ ಕೈಮುಗಿಯುವುದು ನನ್ನಿಂದಾಗದು. ಆದರೆ ಇನ್ನೊಂದು ಬದಿಯೂ ಇದೆ. ಕಲಿಯುವವನು ಆ ಮನೆಯ ಊಟ ಉಣ್ಣುತ್ತಿದ್ದ, ಬೆಳಗಿನಿಂದ ರಾತ್ರಿಯವರೆಗೆ ಗುರುವಿನ ದನಿ ಕಿವಿಗೆ ಬೀಳುವ ಅಂತರದಲ್ಲೇ ಇರುತ್ತಿದ್ದ. ಫೀ ರಸೀದಿಯ ಸಂಬಂಧ ಅದಲ್ಲ.

ಸಂಜೆ ಗಂಗೂಬಾಯಿಯವರನ್ನು ಸ್ಟೇಷನ್ನಿಗೆ ಬಿಡಲು ಭೀಮಸೇನ ಹೋಗುತ್ತಿದ್ದ. ದಾರಿಯುದ್ದಕ್ಕೂ ಅಕ್ಕನಿಗೆ ಇವತ್ತೇನು ಪಾಠವಾಯಿತೆಂದು ಕೇಳಿ, ಹಾಡಿಸಿಕೊಂಡು ತಾನೂ ಕಲಿಯುತ್ತಿದ್ದನಂತೆ. ಆ ರಸ್ತೆಯಲ್ಲಿ ನಾನು ಬೆನ್ನಿಗೆ ಬ್ಯಾಗ್ ಹಾಕಿಕೊಂಡು ನೂರಾರು ಸಲ ನಡೆದಿದ್ದೇನೆ. ಕಿವಿಯಲ್ಲಿ ಇಯರ್‌ಫೋನ್, ಮೊಬೈಲಿನಲ್ಲಿ ಎರಡು ಪಟ್ಟು ವೇಗಕ್ಕೆ ಇಟ್ಟ ಥರ್ಮೋಡೈನಮಿಕ್ಸ್ ಪಾಠ.

ವರ್ಷಗಳ ಮೇಲೆ ವರ್ಷ ಇದ್ದು ಭೀಮಸೇನ ಕುಳಿತು ಕಲಿತದ್ದು ಮುಖ್ಯವಾಗಿ ಮೂರೇ ರಾಗ: ತೋಡಿ, ಮುಲ್ತಾನಿ, ಪೂರಿಯಾ. ಬೆಳಗಿಗೊಂದು, ಇಳಿಹೊತ್ತಿಗೊಂದು, ಸಂಜೆಗೊಂದು. ಮೊದಲ ಸಲ ಓದಿದಾಗ ಅಚ್ಚಿನ ತಪ್ಪು ಎಂದುಕೊಂಡಿದ್ದೆ. ನಮಗೆ ಒಂದು ಸೆಮಿಸ್ಟರಿಗೆ ಆರು ವಿಷಯ, ಪ್ರತಿ ವಿಷಯಕ್ಕೆ ಐದು ಮಾಡ್ಯೂಲ್. ಸಂಗೀತ ಬಲ್ಲ ಹಿರಿಯರೊಬ್ಬರನ್ನು ಕೇಳಿದೆ. ತೋಡಿ, ಮುಲ್ತಾನಿ ಎರಡಕ್ಕೂ ಸ್ವರಗಳು ಅವೇ, ನಡೆ ಬೇರೆ. ಸೂಕ್ಷ್ಮ ಹಿಡಿಯಲು ಇವು ಕಷ್ಟದ ರಾಗಗಳು. ಇವು ಕೈಗೆ ಬಂದರೆ ಉಳಿದ ರಾಗಗಳ ಬಾಗಿಲನ್ನು ತಾನೇ ತೆರೆಯಬಹುದು ಎಂದು ವಿವರಿಸಿದರು. ಇಂಜಿನಿಯರಿಂಗ್ ಭಾಷೆಯಲ್ಲಿ ಹೇಳಬೇಕೆಂದರೆ, ನೂರು ಲೆಕ್ಕ ಬಿಡಿಸಿ ತೋರಿಸುವ ಬದಲು ಮೂರು ಸಮೀಕರಣ ಬೇರುಸಹಿತ ಕೊಟ್ಟರು. ಕ್ರೆಡಿಟ್ ವ್ಯವಸ್ಥೆಯಲ್ಲಿ ಇದು ನಡೆಯುವುದಿಲ್ಲ ಬಿಡಿ.

ಮುಂಬೈಯಿಂದ ಫಿರೋಜ್ ದಸ್ತೂರ್ ಶಿಷ್ಯರಾದರು, ಅವರು ಪಾರ್ಸಿ, ಸಿನಿಮಾದಲ್ಲೂ ನಟಿಸಿದವರು. ನಮ್ಮ ಯಲಿವಾಳದ ಬಸವರಾಜ ರಾಜಗುರು ಗದಗಿನ ಪಂಚಾಕ್ಷರಿ ಗವಾಯಿಗಳ ಶಿಷ್ಯರು, ಆಮೇಲೆ ಇವರ ಬಳಿಯೂ ಕಲಿತರು. ಒಬ್ಬರಂತೆ ಇನ್ನೊಬ್ಬರು ಹಾಡಲಿಲ್ಲ ಎಂಬುದು ಯೂಟ್ಯೂಬಿನಲ್ಲಿ ಹತ್ತು ನಿಮಿಷ ಕೇಳಿದರೆ ನನ್ನಂಥ ಕಿವಿಗೂ ತಿಳಿಯುತ್ತದೆ. ದಸ್ತೂರರದು ಅಜ್ಜಗುರು ಖಾನ್ ಸಾಹೇಬರಂತೆ ಮೃದು, ಗಂಗೂಬಾಯಿಯವರದು ಗಂಡುದನಿಯ ಗಾಂಭೀರ್ಯ, ಭೀಮಸೇನರದು ಗುಡುಗು.

1937ರ ಅಕ್ಟೋಬರ್ 27ರಂದು ಅಬ್ದುಲ್ ಕರೀಂ ಖಾನರು ಮದರಾಸಿನಿಂದ ಪಾಂಡಿಚೇರಿಗೆ ಹೋಗುವ ದಾರಿಯಲ್ಲಿ, ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಷನ್ನಿನಲ್ಲಿ ತೀರಿಕೊಂಡರು. ಅದಾಗಿ ಕೆಲವೇ ವರ್ಷಕ್ಕೆ, 1940ರ ದಶಕದ ಆರಂಭದಲ್ಲಿ, ಶಿಷ್ಯನಿಗೆ ಲಕ್ವಾ ಹೊಡೆಯಿತು. ಐವತ್ತೈದರ ಆಸುಪಾಸು. ಗಾಯಕನಿಗೆ ಅದು ಮಾಗುವ ವಯಸ್ಸು. ಅಷ್ಟು ವರ್ಷ ತಿದ್ದಿ ತೀಡಿ ಬಾಗಿಸಿಕೊಂಡಿದ್ದ ದನಿಯನ್ನು ಕಾಯಿಲೆ ಒಂದೇ ಏಟಿಗೆ ಕಿತ್ತುಕೊಂಡಿತು. ಕಛೇರಿಗಳು ನಿಂತವು. ಕಲಿಸುವುದನ್ನು ಮಾತ್ರ ಅವರು ಬಿಡಲಿಲ್ಲ. ತನ್ನ ಗಂಟಲಿನಿಂದ ಬಾರದ ಸ್ವರ ಎದುರಿಗೆ ಕೂತವರ ಗಂಟಲಿನಿಂದ ಬರುವುದನ್ನು ಕೇಳುತ್ತಾ ಕೂರುವುದು ಹೇಗಿದ್ದಿರಬಹುದು ಎಂದು ಯೋಚಿಸಿದ್ದೇನೆ. ಸಿನಿಮಾದಲ್ಲಾದರೆ ಸತ್ತ ಮೇಲೆ ಉಂಗುರ ಹಾರುತ್ತದೆ. ಇವರು ಬದುಕಿರುವಾಗಲೇ ಬಿಚ್ಚಿ ಕೊಡಬೇಕಾಯಿತು.

1952ರ ಸೆಪ್ಟೆಂಬರ್ 12ರಂದು ಪುಣೆಯಲ್ಲಿ ಅವರು ಕಣ್ಮುಚ್ಚಿದರು. ಮರುವರ್ಷವೇ ಭೀಮಸೇನರು ಮುಂದೆ ನಿಂತು ಪುಣೆಯಲ್ಲಿ ಗುರುವಿನ ಹೆಸರಿನ ಸಂಗೀತೋತ್ಸವ ಆರಂಭಿಸಿದರು. ಅದೀಗ ದೇಶದ ದೊಡ್ಡ ಉತ್ಸವಗಳಲ್ಲೊಂದು. ನೀರು ಹೊತ್ತ ಆ ಹುಡುಗನಿಗೆ 2008ರಲ್ಲಿ ಭಾರತರತ್ನ ಘೋಷಣೆಯಾಯಿತು.

ಬಾಹ್ಯಾಕಾಶದಿಂದ ಶುರು ಮಾಡಿದ್ದಕ್ಕೆ ಒಂದು ಸಂಗತಿ ಹೇಳಿಬಿಡುತ್ತೇನೆ. 1977ರ ಸೆಪ್ಟೆಂಬರ್ 5ರಂದು ಹಾರಿದ ವಾಯೇಜರ್-1 ನೌಕೆಯಲ್ಲಿ ಚಿನ್ನದ ಲೇಪದ ಒಂದು ತಟ್ಟೆ ಇದೆ. ಭೂಮಿಯ ಸಂಗೀತದ ಮಾದರಿಗಳು ಅದರಲ್ಲಿವೆ. ಭಾರತದಿಂದ ಒಂದೇ ಹಾಡು: ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿ. ಜೈಪುರ ಘರಾಣೆಯ ಅಲ್ಲಾದಿಯಾ ಖಾನರ ಶಿಷ್ಯೆ ಎಂದೇ ಅವರ ಖ್ಯಾತಿ. ಆದರೆ ಎಂಟರ ಬಾಲಕಿಯಾಗಿದ್ದಾಗ ಕೊಲ್ಹಾಪುರದಲ್ಲಿ ಕೆಲವು ತಿಂಗಳು ಅವರಿಗೆ ಪಾಠ ಹೇಳಿದವರು ನಮ್ಮ ವಾಡೆಯಲ್ಲಿ ತಂಗುತ್ತಿದ್ದ ಅದೇ ಅಬ್ದುಲ್ ಕರೀಂ ಖಾನರು. ನೌಕೆ ಹಾರಿದ ಹನ್ನೊಂದನೇ ದಿನ ಕೇಸರಬಾಯಿ ತೀರಿಕೊಂಡರು. ಆ ತಟ್ಟೆ ಈಗ 2,400 ಕೋಟಿ ಕಿಲೋಮೀಟರಿಗಿಂತ ಆಚೆ ಹೋಗುತ್ತಿದೆ.

ಕುಂದಗೋಳದ ನಾಡಿಗೇರ ವಾಡೆಯಲ್ಲೂ ಪುಣ್ಯತಿಥಿಯ ನೆನಪಿಗೆ ಅಹೋರಾತ್ರಿ ಸಂಗೀತ ನಡೆಯುತ್ತದೆ. ಹೋದ ಸಲ ನಾನು ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ದಿನವಿಡೀ ಹೆಸರು ಬಿಡಿಸಿ ದಣಿದಿದ್ದ ಅಪ್ಪ ಕಂಬಕ್ಕೊರಗಿ ಕೂತ. ಹಾಡುವವರು ಒಂದೇ ಸ್ವರದ ಮೇಲೆ ಬಹಳ ಹೊತ್ತು ನಿಂತಾಗ ನನಗೆ ಆಕಳಿಕೆ ಬಂತು, ಮೊಬೈಲ್ ತೆಗೆದೆ. ಅಪ್ಪ ನನ್ನ ಕೈಯಿಂದ ಅದನ್ನು ಕಸಿದು ತನ್ನ ಅಂಗಿಯ ಕಿಸೆಗೆ ಹಾಕಿಕೊಂಡ. ಬೆಳಗಿನ ತೋಡಿ ಮುಗಿಯುವವರೆಗೆ ವಾಪಸ್ ಕೊಡಲಿಲ್ಲ.