ಒಂದು ಹೆಸರು, ಎರಡು ಮಸೂದೆ: ಎಂ.ಸಿ. ರಾಜಾ ಅವರ ಬದುಕು



ನಿಮ್ಮ ಮನೆಯ ಕಪಾಟಿನಲ್ಲಿ ಜಾತಿ ಸರ್ಟಿಫಿಕೇಟು ಉಂಟಲ್ಲ, ಅದನ್ನು ಒಮ್ಮೆ ಬಿಡಿಸಿ ನೋಡಿ. ಕೇರಳದ ಪರಿಶಿಷ್ಟ ಜಾತಿಗಳ ಪಟ್ಟಿ ಶುರುವಾಗುವುದೇ ಆದಿ ಆಂಧ್ರ, ಆದಿ ದ್ರಾವಿಡ, ಆದಿ ಕರ್ನಾಟಕ ಎಂಬ ಹೆಸರುಗಳಿಂದ. ಇವು ಸುಮ್ಮನೆ ಬಂದ ಹೆಸರುಗಳಲ್ಲ. ಇದರಲ್ಲಿ ಎರಡು ಹೆಸರುಗಳನ್ನು ಸರಕಾರದ ಕಡತಕ್ಕೆ ಏರಿಸಲು ಮದ್ರಾಸಿನ ಶಾಸನಸಭೆಯಲ್ಲಿ ಒಬ್ಬರು ಎದ್ದು ನಿಲ್ಲಬೇಕಾಯಿತು. ಅವರೇ ಎಂ.ಸಿ. ರಾಜಾ.

ಮದ್ರಾಸಿನವರ ಕಥೆ ಅಡೂರಿಗೆ ಯಾಕೆ ಎಂದು ಕೇಳಬೇಡಿ. ಆಗ ಕೇರಳ ರಾಜ್ಯವೂ ಇರಲಿಲ್ಲ, ಕರ್ನಾಟಕ ರಾಜ್ಯವೂ ಇರಲಿಲ್ಲ. ನಮ್ಮ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು, ಆ ಜಿಲ್ಲೆ ಮದ್ರಾಸಿಗೆ ಸೇರಿತ್ತು. 1956ರ ನವೆಂಬರ್ 1ರ ತನಕ ನಮ್ಮ ಅಜ್ಜಂದಿರಿಗೆ ಕಾನೂನು ಆಗುತ್ತಿದ್ದದ್ದು ಅಲ್ಲಿಯೇ.

ರಾಜಾ ಹುಟ್ಟಿದ್ದು 1883ರಲ್ಲಿ, ಮದ್ರಾಸಿನ ಸೈಂಟ್ ಥಾಮಸ್ ಮೌಂಟ್‌ನಲ್ಲಿ, ಪರಯ ಸಮುದಾಯದ ಮನೆಯಲ್ಲಿ. ಮಿಷನ್ ಶಾಲೆಯಲ್ಲಿ, ಆಮೇಲೆ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಕಲಿತು ಮೇಷ್ಟ್ರಾದರು. ಶಾಲಾ ಮಕ್ಕಳಿಗೆ ಪಠ್ಯಪುಸ್ತಕಗಳನ್ನೂ ಬರೆದರು. ಆದಿ ದ್ರಾವಿಡ ಮಹಾಜನ ಸಭೆಯ ಕಾರ್ಯದರ್ಶಿಯಾಗಿ ಸಮಾಜದ ಕೆಲಸಕ್ಕೆ ಇಳಿದರು. 1920ರ ದಶಕದ ಆರಂಭದಲ್ಲಿ ಮದ್ರಾಸ್ ಲೆಜಿಸ್ಲೇಟಿವ್ ಕೌನ್ಸಿಲಿನ ಸದಸ್ಯರಾದರು. ಅಲ್ಲಿ ಕುಳಿತ ನಮ್ಮವರಲ್ಲಿ ಅವರು ಮೊದಲಿಗರ ಸಾಲಿನವರು.

ಒಳಗೆ ಹೋದ ಮೇಲೆ ಏನು ಮಾಡುವುದು? ಶಾಸನಸಭೆಯಲ್ಲಿ ದುಃಖ ಹೇಳಿಕೊಂಡರೆ ಸಾಲದು, ಅದಕ್ಕೊಂದು ರೂಪ ಬೇಕು. ಪ್ರಶ್ನೆ ಕೇಳಿದರೆ ಸರಕಾರ ಉತ್ತರ ಕೊಡಬೇಕು. ಗೊತ್ತುವಳಿ ಮಂಡಿಸಿದರೆ ಸಭೆ ಅದರ ಮೇಲೆ ಮಾತಾಡಿ, ಸರಕಾರ ಹೀಗೆ ಮಾಡಲಿ ಎಂದು ಶಿಫಾರಸು ಮಾಡಬಹುದು. ಮಸೂದೆ ತಂದು ಅದು ಪಾಸಾಗಿ ಒಪ್ಪಿಗೆ ಸಿಕ್ಕಿದರೆ ಕಾನೂನು ಆಗುತ್ತದೆ. ಕಾನೂನು ಮುರಿದವನಿಗೆ ಶಿಕ್ಷೆ ಕೊಡಬಹುದು, ಗೊತ್ತುವಳಿ ಮುರಿದವನಿಗೆ ಯಾರೂ ಏನೂ ಮಾಡಲಾಗುವುದಿಲ್ಲ. ಮೇಷ್ಟ್ರಾಗಿದ್ದ ರಾಜಾ ಈ ವ್ಯತ್ಯಾಸವನ್ನು ಚೆನ್ನಾಗಿ ಕಲಿತುಕೊಂಡರು.

ಅವರು ಮೊದಲು ಕೈಗೆತ್ತಿಕೊಂಡದ್ದು ಹೆಸರಿನ ವಿಷಯ. ಸರಕಾರಿ ಕಾಗದಗಳಲ್ಲಿ ನಮ್ಮವರನ್ನು ಪರಯ, ಪಂಚಮ ಎಂದು ಬರೆಯುತ್ತಿದ್ದರು. ಬೀದಿಯಲ್ಲಿ ಬೈಗುಳವಾಗಿ ಬಳಸುವ ಮಾತೇ ದಾಖಲೆಯಲ್ಲೂ ಇತ್ತು. 1922ರ ಜನವರಿಯಲ್ಲಿ ರಾಜಾ ಗೊತ್ತುವಳಿ ಮಂಡಿಸಿದರು: ಆ ಹೆಸರುಗಳನ್ನು ತೆಗೆಯಬೇಕು, ತಮಿಳು ಕಡೆ ಆದಿ ದ್ರಾವಿಡ, ತೆಲುಗು ಕಡೆ ಆದಿ ಆಂಧ್ರ ಎಂದು ಬರೆಯಬೇಕು. ಸಭೆ ಒಪ್ಪಿತು. ಅದೇ ವರ್ಷದ ಮಾರ್ಚಿನಲ್ಲಿ ಸರಕಾರಿ ಆದೇಶ ಬಂತು. ಎರಡು ವರ್ಷದ ಮೇಲೆ, 1924ರಲ್ಲಿ, ಅದೇ ಕೌನ್ಸಿಲಿನಲ್ಲಿ ರೆಟ್ಟಮಲೈ ಶ್ರೀನಿವಾಸನ್ ಅವರು ಸಾರ್ವಜನಿಕ ದಾರಿ, ಬಾವಿ, ಕೆರೆಗಳು ನಮ್ಮವರಿಗೂ ಮುಕ್ತವಾಗಿರಬೇಕೆಂದು ಗೊತ್ತುವಳಿ ಮಾಡಿಸಿದರು. ಆದರೆ ದಾರಿ ತಡೆಯುವವರು ತಡೆಯುತ್ತಲೇ ಇದ್ದರು. ಯಾಕೆಂದರೆ ಅದು ಗೊತ್ತುವಳಿ, ಮಸೂದೆಯಲ್ಲ.

ರಾಜಾ ಜಸ್ಟಿಸ್ ಪಕ್ಷದಲ್ಲಿದ್ದರು. ಆ ಪಕ್ಷದಲ್ಲಿ ನಮ್ಮವರಿಗೆ ನ್ಯಾಯ ಸಿಗುವುದಿಲ್ಲ ಎಂದು ಕಂಡಾಗ 1923ರಲ್ಲಿ ಬಿಟ್ಟು ಬಂದರು. ಮುಂದೆ ದೆಹಲಿಯ ಕೇಂದ್ರ ಶಾಸನಸಭೆಯಲ್ಲಿ ಸುಮಾರು ಹತ್ತು ವರ್ಷ ಸದಸ್ಯರಾಗಿದ್ದರು.

ಒಂದು ವಿಷಯ ಮುಚ್ಚಿಡುವುದು ಬೇಡ. 1932ರಲ್ಲಿ ಬಾಬಾಸಾಹೇಬರು ಪ್ರತ್ಯೇಕ ಮತಕ್ಷೇತ್ರ ಬೇಕು ಎಂದು ಹೋರಾಡುತ್ತಿದ್ದಾಗ ರಾಜಾ ಎದುರು ಪಕ್ಷದಲ್ಲಿ ನಿಂತರು. ಮೂಂಜೆಯವರ ಜೊತೆ ಒಪ್ಪಂದ ಮಾಡಿಕೊಂಡು, ಸೀಟು ಮೀಸಲಿರಲಿ, ಆದರೆ ಎಲ್ಲರೂ ಸೇರಿಯೇ ಓಟು ಹಾಕಲಿ ಎಂದರು. ಪೂನಾ ಒಪ್ಪಂದದಲ್ಲಿ ಕೊನೆಗೆ ಆದದ್ದೂ ಜಂಟಿ ಮತಕ್ಷೇತ್ರವೇ. ಮದ್ರಾಸಿಗೆ 30 ಮೀಸಲು ಸೀಟು ಸಿಕ್ಕಿತು. ಅದರ ಫಲ ಏನೆಂದು ರಾಜಾ ಅವರಿಗೆ ಆರು ವರ್ಷದಲ್ಲಿ ಗೊತ್ತಾಯಿತು.

1937ರಲ್ಲಿ ಅವರು ಮದ್ರಾಸ್ ಅಸೆಂಬ್ಲಿಗೆ ಆರಿಸಿ ಬಂದರು. ಸ್ವಲ್ಪ ಸಮಯದ ಮಧ್ಯಂತರ ಸರಕಾರದಲ್ಲಿ ಮಂತ್ರಿಯೂ ಆದರು. ಆಮೇಲೆ ರಾಜಾಜಿಯವರ ಕಾಂಗ್ರೆಸ್ ಸರಕಾರ ಬಂತು. 1938ರಲ್ಲಿ ರಾಜಾ ಎರಡು ಮಸೂದೆ ತಂದರು.

ಮೊದಲನೆಯದು ಸಾಮಾಜಿಕ ನಿರ್ಬಂಧಗಳನ್ನು ತೆಗೆಯುವ ಮಸೂದೆ. ಅದು ಪಾಸಾಗಿ 1938ರ 21ನೇ ಕಾನೂನು ಆಯಿತು. ದಾರಿ, ಬಾವಿ, ವಾಹನ ಮಾತ್ರವಲ್ಲ, ಹೋಟೆಲು, ಅಂಗಡಿಯಲ್ಲಿ ತಡೆದರೂ ಅಪರಾಧ. ಮೊದಲ ಸಲಕ್ಕೆ ದಂಡ, ಮತ್ತೆ ಮತ್ತೆ ಮಾಡಿದರೆ ಆರು ತಿಂಗಳ ತನಕ ಜೈಲು. 1924ರ ಗೊತ್ತುವಳಿಗೆ ಇಲ್ಲದ ಹಲ್ಲು ಇದಕ್ಕೆ ಇತ್ತು.

ಎರಡನೆಯದು ದೇವಸ್ಥಾನ ಪ್ರವೇಶದ ಮಸೂದೆ, ಇಡೀ ಪ್ರಾಂತ್ಯಕ್ಕೆ. ಮಸೂದೆಯ ದಾರಿ ಹೀಗೆ: ಮಂಡನೆ, ಆಮೇಲೆ ಸೆಲೆಕ್ಟ್ ಕಮಿಟಿಗೆ ಒಪ್ಪಿಸುವುದು, ಆಮೇಲೆ ಒಂದೊಂದು ಕಲಮಿನ ಚರ್ಚೆ, ಕೊನೆಗೆ ಓಟು. ಸೆಲೆಕ್ಟ್ ಕಮಿಟಿಗೆ ಕಳಿಸಿ ಎಂದು ರಾಜಾ ಕೇಳಿದಾಗಲೇ ಸರಕಾರ ಬೇಡ ಎಂದಿತು. ತಾವು ಮಲಬಾರಿಗೆ ಮಾತ್ರ ಬೇರೆ ಮಸೂದೆ ತರುತ್ತೇವೆ ಎಂದರು ರಾಜಾಜಿ. ಖಾಸಗಿ ಸದಸ್ಯನ ಮಸೂದೆಗೆ ಸರಕಾರದ ಬಹುಮತ ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಮೀಸಲು ಸೀಟಿನಿಂದ ಕಾಂಗ್ರೆಸ್ಸಿನಲ್ಲಿ ಗೆದ್ದು ಬಂದ ನಮ್ಮವರೇ ಪಕ್ಷದ ಶಿಸ್ತಿಗೆ ಕಟ್ಟುಬಿದ್ದು ಅವರ ವಿರುದ್ಧ ಓಟು ಹಾಕಿದರು. ಜಂಟಿ ಮತಕ್ಷೇತ್ರದ ಬಗ್ಗೆ ಬಾಬಾಸಾಹೇಬರಿಗಿದ್ದ ಭಯ ಇದೇ ಆಗಿತ್ತು.

ನಮಗೆ ಆದ ನಷ್ಟ ಏನು, ಲೆಕ್ಕ ಹಾಕಿ. ಮಲಬಾರಿನ ಕಾನೂನು ಮಲಬಾರಿಗೆ. ನಾವಿದ್ದದ್ದು ದಕ್ಷಿಣ ಕನ್ನಡದಲ್ಲಿ, ಹಾಗಾಗಿ ಅದು ನಮಗೆ ಮುಟ್ಟಲಿಲ್ಲ. ಪ್ರಾಂತ್ಯದ ಎಲ್ಲಾ ದೇವಸ್ಥಾನಗಳ ಬಾಗಿಲು ತೆರೆಸುವ ಕಾನೂನು ಬರಲು 1947 ಆಗಬೇಕಾಯಿತು. ಒಂದು ಓಟಿನಿಂದ ಒಂಬತ್ತು ವರ್ಷ ಹೋಯಿತು.

ಸೋತ ಮೇಲೆ ರಾಜಾ ಮೂಲೆ ಸೇರಲಿಲ್ಲ. 1942ರಲ್ಲಿ ಕ್ರಿಪ್ಸ್ ದೆಹಲಿಗೆ ಬಂದಾಗ, ಹತ್ತು ವರ್ಷದ ಹಿಂದೆ ಎದುರು ನಿಂತಿದ್ದ ಅಂಬೇಡ್ಕರರ ಜೊತೆಗೇ ಹೋಗಿ ನಮ್ಮವರ ಪರವಾಗಿ ಮಾತಾಡಿದರು. ತಪ್ಪು ಕಂಡಾಗ ದಾರಿ ಬದಲಿಸಲು ಅವರಿಗೆ ನಾಚಿಕೆ ಆಗಲಿಲ್ಲ. 1943ರ ಆಗಸ್ಟಿನಲ್ಲಿ, 60ರ ವಯಸ್ಸಿನಲ್ಲಿ ತೀರಿಕೊಂಡರು. ಆ 1947ರ ಕಾನೂನನ್ನು ಅವರು ನೋಡಲಿಲ್ಲ.

ಯುವ ಮಿತ್ರರೇ, ಇನ್ನು ಗ್ರಾಮಸಭೆಗೆ ಹೋದಾಗ ಇವರನ್ನು ನೆನಪು ಮಾಡಿಕೊಳ್ಳಿ. ಕಾಲೋನಿಯ ರಸ್ತೆ, ನೀರಿನ ವಿಷಯ ಹೇಳಿ ಸುಮ್ಮನೆ ಕೂತುಬಿಡಬೇಡಿ. ಅದನ್ನು ಗೊತ್ತುವಳಿಯಾಗಿ ಮಂಡಿಸಿ, ಒಬ್ಬರು ಅನುಮೋದಿಸಿ, ಮಿನಿಟ್ಸ್ ಪುಸ್ತಕದಲ್ಲಿ ಬರೆದದ್ದನ್ನು ಓದಿಸಿ ಕೇಳಿ, ಆಮೇಲೆ ಎದ್ದು ಬನ್ನಿ. ಓಟು ಕೇಳಲು ಬಂದವರ ಹತ್ತಿರವೂ ಒಂದು ಮಾತು ಕೇಳಿ: ನಮ್ಮ ವಿಷಯ ಬಂದ ದಿನ ನೀವು ಯಾವ ಕಡೆ ಕೈ ಎತ್ತುತ್ತೀರಿ?